ನೆಲ ನಿನ್ನದು, ಬೆಲ್ಟು ನನ್ನದು

ಬೇಸಿಗೆ ಇನ್ನೂ ಕಾಲೂರುತ್ತಿತ್ತು ಅಷ್ಟೆ. ಆದರೂ ಹತ್ತು ಗಂಟೆಗೆಲ್ಲ ಹೊಸ ಅಂಗಡಿ ಸಾಲಿನ ಮಹಡಿಯ ಹಜಾರ ಒಲೆಯ ಮೇಲಿಟ್ಟ ಹಂಚಿನಂತೆ ಕಾದಿತ್ತು. ಕಿಟಕಿಗಳಿಗೆ ಗಾಜು ಬಂದಿರಲಿಲ್ಲ, ಗಾಳಿಯೂ ಬಂದಿರಲಿಲ್ಲ. ಹಿಂದಿನ ವಾರ ಸೀಲಿಂಗಿಗೆ ಏರಿಸಿದ ಜಿಪ್ಸಂ ಹಲಗೆಗಳ ನಡುವಿನ ಸಂದುಗಳು ತಲೆಯ ಮೇಲೆ ಉತ್ತ ಹೊಲದ ಸಾಲುಗಳಂತೆ ಉದ್ದಕ್ಕೂ ಹರಿದಿದ್ದವು. ಆ ಸಂದುಗಳಿಗೆ ಟೇಪು ಅಂಟಿಸಿ, ಪುಟ್ಟಿ ಎಳೆದು, ಅಲ್ಲಿ ಸಂದು ಇತ್ತೆಂಬ ಗುರುತೇ ಉಳಿಯದಂತೆ ಮಾಡುವುದು ಕೊಕ್ಕರೆಯ ಕೆಲಸ.

ಕೊಕ್ಕರೆ ಎಂದು ಹೆಸರಿಟ್ಟವರು ಜೊತೆಯ ಕೆಲಸದವರು. ಮರಗಾಲು ಕಟ್ಟಿಕೊಂಡು, ಕತ್ತು ಮೇಲೆತ್ತಿ, ಒಂದೊಂದೇ ಹೆಜ್ಜೆ ಅಳೆದಿಡುವವನನ್ನು ಇನ್ನೇನೆಂದು ಕರೆಯಬೇಕು? ಮರಗಾಲು ಅನ್ನುವುದೂ ಬರೀ ಮಾತಿಗೆ. ಅದರಲ್ಲಿ ಮರದ ಚೂರೂ ಇರಲಿಲ್ಲ. ಅಲ್ಯೂಮಿನಿಯಂ ಕೊಳವೆಗಳು, ಅಡಿಗೆ ರಬ್ಬರಿನ ಪಾದ, ಮೇಲೆ ಕಾಲಿಡುವ ತಟ್ಟೆ, ಮೊಣಕಾಲಿನ ಕೆಳಗೆ ಸುತ್ತಿ ಬಿಗಿಯುವ ಬೆಲ್ಟು. ಕಟ್ಟಿಕೊಂಡು ಎದ್ದರೆ ಐದೂವರೆ ಅಡಿಯ ಆಳು ಎಂಟಡಿ ಆಗುತ್ತಿದ್ದ.

ಕೆಳಗೆ ಅವನ ಹೆಂಡತಿ. ಮನೆಯಲ್ಲಿ ಎಲ್ಲರಿಗೂ ಅವಳು ಸೊಸೆ. ಕೆಲಸದ ಜಾಗದಲ್ಲಿ ನೆಲದಾಕೆ. ಮರಗಾಲಿನ ಮೇಲಿರುವವನು ಬಗ್ಗುವ ಹಾಗಿಲ್ಲ, ಹಿಂದಕ್ಕೆ ನಡೆಯುವ ಹಾಗಿಲ್ಲ, ಹೊಸ್ತಿಲು ದಾಟುವ ಹಾಗಿಲ್ಲ. ಕೈಯಿಂದ ಏನು ಜಾರಿ ಬಿದ್ದರೂ ಎತ್ತಿಕೊಡುವವಳು ಅವಳು. ಒಂದು ತುಂಡು ವೈರು, ಒಂದು ಸ್ಕ್ರೂ, ಅಂಗೈಯಗಲ ಚೆಲ್ಲಿದ ಪುಟ್ಟಿ ಸಾಕು, ಎಂಟಡಿಯ ಆಳು ನೆಲ ಕಚ್ಚುವುದಕ್ಕೆ. ಹಾಗಾಗಿ ಅವನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಬೇಕಾದಾಗಲೆಲ್ಲ ಇಬ್ಬರ ನಡುವೆ ಅದೇ ಮಾತು.

"ನಡೀಲಾ?"

"ಇರಿ." ಪೊರಕೆ ಎರಡು ಸಲ ಆಡುತ್ತಿತ್ತು. "ಹ್ಞಾ, ನೆಲ ಸಾಫ್. ನಡೀರಿ."

ಅವನು ಕಣ್ಣು ಸೀಲಿಂಗಿನಿಂದ ಕೀಳದೆಯೇ ಕಾಲೆತ್ತುತ್ತಿದ್ದ. "ಒಂದ್ಸಲನಾದ್ರೂ ಕೆಳಗೆ ನೋಡಿ ಹೆಜ್ಜೆ ಇಡ್ರಿ" ಎಂದು ಮೊದಮೊದಲು ಅವಳೂ ಹೇಳಿದ್ದಳು.

"ಕೆಳಗೆ ನೋಡೋ ಹಂಗಿದ್ರೆ ನಿನ್ನ ಯಾಕೆ ಕರ್ಕೊಂಡು ಬರ್ಲಿ? ನೆಲ ನಿನ್ನದು, ಬೆಲ್ಟು ನನ್ನದು. ಅವರವರದು ಅವರವರು ನೋಡ್ಕೊಂಡ್ರೆ ಆಯ್ತು."

ನಾಲ್ಕು ವರ್ಷ ಹಾಗೇ ನಡೆದಿತ್ತು. ಬೆಲ್ಟು ತಿರುಪು ಅವಳು ಮುಟ್ಟುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಹಳೆಯ ಕಪ್ಪು ಬೆಲ್ಟುಗಳು ಬಿರುಕುಬಿಟ್ಟಾಗ ಮಾತ್ರ, ಗಟ್ಟಿ ನೀಲಿ ಪಟ್ಟಿ ತಂದು, ಬಕಲಿನ ಬಳಿ ಕೆಂಪು ದಾರದಲ್ಲಿ ಅಡ್ಡಡ್ಡ ಹೊಲಿಗೆ ಹಾಕಿ ಹೊಸ ಜೊತೆ ಮಾಡಿಕೊಟ್ಟಿದ್ದಳು. ಸೂಜಿ ಚುಚ್ಚಿದ ಬೆರಳು ವಾರವಿಡೀ ಉರಿದಿತ್ತು.

ಅವತ್ತು ಬೆಳಗ್ಗೆ ಹೊರಡುವಾಗಲೇ ತಡವಾಗಿತ್ತು. ಹದಿನೈದು ದಿನ ತವರಲ್ಲಿದ್ದ ನಾದಿನಿ ಹಿಂದಿನ ಸಂಜೆ ಹೊರಟುಹೋಗಿದ್ದಳು. ಮನೆ ಇನ್ನೂ ಅಸ್ತವ್ಯಸ್ತ. ಹಜಾರಕ್ಕೆ ಬಂದವನೇ ಕೊಕ್ಕರೆ ಗೋಡೆಗೆ ಮುಖ ಮಾಡಿ ಕೂತು ಸರಸರನೆ ಬೆಲ್ಟು ಬಿಗಿದುಕೊಂಡ. ಹನ್ನೊಂದರ ಹೊತ್ತಿಗೆ, ಹಜಾರದ ನಡುಮಧ್ಯೆ, "ನೆಲ ಸಾಫ್, ನಡೀರಿ" ಎಂದು ಅವಳ ಬಾಯಿಂದ ಮಾತು ಬಿದ್ದ ಗಳಿಗೆಯಲ್ಲೇ ಅವನ ಎಡಗಾಲು ಒಳಕ್ಕೆ ಮಡಚಿದಂತಾಯಿತು. ಕರಣೆ ಒಂದು ಕಡೆ, ಪುಟ್ಟಿ ತಟ್ಟೆ ಒಂದು ಕಡೆ. ಕಡಿದ ಬಾಳೆಗಿಡದಂತೆ ಅವನು ಉದ್ದಕ್ಕೆ ಬಿದ್ದ. ಎಡಗೈ ಕೆಳಗೆ ಸಿಕ್ಕಿಕೊಂಡಿತು. ಸೊಂಟದ ಚೀಲ ಬಾಯ್ತೆರೆದು ಸ್ಕ್ರೂಗಳೆಲ್ಲ ಚೆಲ್ಲಾಡಿದವು.

ಹಲಗೆ ಏರಿಸುವ ಆಳುಗಳಿಬ್ಬರು ಮರಗಾಲು ಬಿಚ್ಚಲು ಬಗ್ಗಿದರೆ, "ಬಿಡ್ರೋ, ನಾನೇ ಬಿಚ್ತೀನಿ" ಎಂದು ಹಲ್ಲು ಕಚ್ಚಿ, ಒಂದೇ ಕೈಯಲ್ಲಿ ಬಿಚ್ಚಿ, ಎರಡನ್ನೂ ಚೀಲಕ್ಕೆ ತುರುಕಿದ. ನೀರಿಗೆಂದು ಕೆಳಗೆ ಓಡುತ್ತಿದ್ದ ಸೊಸೆಗೂ ಆ ಕೂಗು ಕೇಳಿತ್ತು. ತರುವಷ್ಟರಲ್ಲಿ ಗುತ್ತಿಗೆದಾರ ಬಂದು ನಿಂತಿದ್ದ.

"ನೆಲ ಯಾರದು?"

"ನಂದು" ಎಂದಳು.

ಅವನು ಬಗ್ಗಿ ಒಂದು ಸ್ಕ್ರೂ ಆರಿಸಿ ಅವಳ ಅಂಗೈ ಮೇಲಿಟ್ಟ. "ಇಟ್ಕೋ. ಇದೇ ನಿನ್ನ ಗಂಡನ ಕೈ ಮುರಿದಿದ್ದು."

ಅವಳು ಗಂಡನ ಮುಖ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ.

*

ಕೈಗೆ ಆರು ವಾರದ ಕಟ್ಟು ಬಿತ್ತು. ಮರಗಾಲಿನ ಚೀಲ ಹಿತ್ತಲ ಕೊಟ್ಟಿಗೆಯ ಮೊಳೆಗೆ ತೂಗಿತು. "ಆ ಚೀಲ ಯಾರೂ ಮುಟ್ಬೇಡಿ" ಎಂದು ಅವನು ಕಟ್ಟಪ್ಪಣೆ ಮಾಡಿದ. ಪಾಪ, ನೋಡಿದರೆ ಸಂಕಟವಾಗುತ್ತದೇನೋ ಎಂದು ಸೊಸೆ ಅದರ ಕೆಳಗೆ ಹಾಯುವಾಗಲೂ ಬಗ್ಗಿ ಹೋಗುತ್ತಿದ್ದಳು.

ಎರಡನೇ ವಾರದಿಂದ ಅತ್ತೆ ಒಂದು ಹೊಸ ಪಾಠ ಶುರುಮಾಡಿದಳು. ಸೊಸೆ ಮನೆ ಗುಡಿಸಿ, ಕಸ ಎತ್ತಿ, ಪೊರಕೆ ಮೂಲೆಗಿಟ್ಟು ಕೈ ತೊಳೆಯುವಷ್ಟರಲ್ಲಿ ಅತ್ತೆ ಅದೇ ಪೊರಕೆ ಹಿಡಿದು ಅದೇ ನೆಲವನ್ನು ಮೊದಲಿಂದ ಗುಡಿಸುವಳು. ಬಾಗಿಲು ತೆರೆದಿಟ್ಟುಕೊಂಡು, ಪಕ್ಕದ ಮನೆಯವರಿಗೂ ಸದ್ದು ಕೇಳುವ ಹಾಗೆ.

"ಅತ್ತೆ, ಈಗ ತಾನೆ ಗುಡಿಸ್ದೆ."

"ಗೊತ್ತು. ಅದಕ್ಕೇ ಗುಡಿಸ್ತಿದೀನಿ."

ಮಾವ ಜಗಲಿಯಲ್ಲಿ ಕೂತು ಉಳಿ ಮಸೆಯುತ್ತಿದ್ದ. ಅವನು ಹಳೇ ಕಾಲದ ಬಡಗಿ. ಸೀಲಿಂಗಿನ ಕೆಲಸಕ್ಕೆ ಮೇಜಿನಗಲ ಅಟ್ಟ ಕಟ್ಟಿ ಮೇಲೆ ನಿಲ್ಲುತ್ತಿದ್ದವನು. ಮರಗಾಲು ಮನೆಗೆ ಬಂದ ದಿನದಿಂದಲೂ ಅದರ ಮೇಲೆ ಹಗೆ.

ಊಟಕ್ಕೆ ಕೂತರೆ ಅದೇ ರಾಗ. ಕೊಕ್ಕರೆಯ ತಟ್ಟೆಗೆ ಬೇಯಿಸಿದ ಮೊಟ್ಟೆ, ಮೂಳೆ ಕೂಡಲಿ ಅಂತ. ಮಾವನ ತಟ್ಟೆಗೆ ಅರ್ಧ. ಸೊಸೆಯ ತಟ್ಟೆಗೆ ಪಾತ್ರೆಯ ತಳ ಕೆರೆದ ಅನ್ನ.

"ನಮ್ಮ ಕಾಲದಲ್ಲಿ ಅಟ್ಟ ಕಟ್ತಿದ್ವಿ" ಎಂದ ಮಾವ. "ಅರ್ಧ ದಿನ ಹೋಗ್ತಿತ್ತು, ಕೈಕಾಲು ಉಳೀತಿತ್ತು. ಇವನಿಗೆ ಹುಟ್ಟಿದಾಗ ಬಂದ ಕಾಲು ಸಾಲ್ಲಿಲ್ಲ."

"ಕಾಲೇನು ಮಾಡುತ್ತೆ?" ಎಂದಳು ಅತ್ತೆ. "ಕೆಳಗಿದ್ದೋರ ಕಣ್ಣು ಎಲ್ಲಿ ಮೇಯೋಕೆ ಹೋಗಿತ್ತೋ."

"ನನ್ನ ಕಣ್ಣು ನೆಲದ ಮೇಲೇ ಇತ್ತು ಅತ್ತೆ."

"ಹಂಗಾದ್ರೆ ಸ್ಕ್ರೂ ಆಕಾಶದಿಂದ ಉದುರಿತಾ?"

"ಇವರ ಚೀಲದಿಂದ ಉದುರಿತು. ಬಿದ್ದ ಮೇಲೆ ಉದುರಿತು. ಒಂದಲ್ಲ, ನೂರಿತ್ತು. ಬೇಕಿದ್ರೆ ಇವರನ್ನೇ ಕೇಳಿ."

ಮೂವರೂ ಕೊಕ್ಕರೆಯ ಕಡೆ ನೋಡಿದರು. ಅವನು ಬಲಗೈಯಲ್ಲಿ ಮೊಟ್ಟೆ ಮುರಿಯುತ್ತಿದ್ದ.

"ಉಪ್ಪು ಕೊಡಮ್ಮ" ಎಂದ.

*

ಮೂರನೇ ವಾರ ಸೊಸೆ ಗುತ್ತಿಗೆದಾರನನ್ನು ಹುಡುಕಿಕೊಂಡು ಹೋದಳು. ಮನೆಯಲ್ಲಿ ದುಡಿಯುವ ಕೈ ಎರಡು ಜೊತೆ ಇತ್ತು. ಒಂದು ಜೊತೆ ಮುರಿದಿತ್ತು, ಇನ್ನೊಂದು ಜೊತೆಗೆ ಕಸ ಗುಡಿಸುವುದಕ್ಕೂ ಬಾರದೆಂಬ ಹೆಸರು ಬಂದಿತ್ತು. ಹಜಾರದ ಸಂದುಗಳು ಬಿಟ್ಟಲ್ಲೇ ಇದ್ದವು. ಬೇರೆ ಊರಿನಿಂದ ಕರೆಸಿದ್ದ ಪುಟ್ಟಿಯವನು ಎರಡು ದಿನ ಇದ್ದು ಓಡಿಹೋಗಿದ್ದ.

"ಪುಟ್ಟಿ ಎಳೆಯೋದು ನಂಗೂ ಬರುತ್ತೆ. ಗೋಡೆಯ ಸಂದೆಲ್ಲ ನಾನೇ ಎಳೆದಿದ್ದು" ಎಂದಳು.

"ಬರುತ್ತೆ, ನೋಡಿದೀನಿ. ಆದ್ರೆ ನೀನು ಕಾಲಿಟ್ಟರೆ ಈ ಹುಡುಗರು ಮರಗಾಲು ಕಟ್ಟಲ್ಲ ಅಂತಾರೆ. ನೆಲದಾಕೆಗೆ ಬೇಕಾದ್ದು ಒಳ್ಳೇ ಹೆಸರೊಂದೇ ಅಮ್ಮ. ಅದು ಹೋಯ್ತು."

"ನೆಲ ಸಾಫಾಗಿತ್ತು."

"ನೀನು ಹೇಳಿದ್ರೆ ಆಯ್ತಾ? ಬಿದ್ದವನು ಹೇಳಲಿ. ನಿನ್ನ ಗಂಡ ಇಲ್ಲಿ ಬಂದು, ಇವರ ಮುಂದೆ, ನೆಲ ಸಾಫಿತ್ತು ಅನ್ನಲಿ. ನಾಳೆನೇ ಬಾ ಕೆಲಸಕ್ಕೆ."

ಅವಳು ದಾರಿಯುದ್ದಕ್ಕೂ ಆ ಮಾತನ್ನು ಕಟ್ಟಿಕೊಂಡೇ ಬಂದಳು. ಕೊಕ್ಕರೆ ಕಿಟಕಿಯ ಪಕ್ಕ, ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದ.

"ಒಂದು ಮಾತು ಹೇಳ್ಬೇಕು ನೀವು. ಮೂರು ಪದ. ನೆಲ ಸಾಫಾಗಿತ್ತು ಅಂತ."

"ಮೂರಲ್ಲ, ಎರಡು."

"ಲೆಕ್ಕ ಆಮೇಲೆ ಮಾಡೋಣ. ಹೇಳ್ತೀರಾ?"

ಅವನು ತಲೆ ಆ ಕಡೆ ಹೊರಳಿಸಿದ. "ನಂಗೇನು ಗೊತ್ತು? ನಾನು ಮೇಲೆ ನೋಡ್ತಿದ್ದೆ."

ಅವಳು ಅಡುಗೆಮನೆಗೆ ಹೋಗಿ ಚಹಾ ಡಬ್ಬಿಯ ಹಿಂದಿನಿಂದ ಆ ಸ್ಕ್ರೂ ತೆಗೆದು ನೋಡಿದಳು. ನಿಜವಾಗಿ ಇದೊಂದು ತನ್ನ ಪೊರಕೆಗೆ ತಪ್ಪಿಸಿಕೊಂಡಿತ್ತೇ? ಅವನ ಮಾತು ಕೇಳಿದ ಮೇಲೆ ಅವಳಿಗೇ ಅನುಮಾನ ಹತ್ತಿತ್ತು. ಮಾರನೆಯ ದಿನ ಅತ್ತೆ ಎರಡನೇ ಸಲ ಗುಡಿಸುವಾಗ ಸೊಸೆ ಗೋಡೆಗೆ ಒರಗಿ, ಪೊರಕೆಯ ತುದಿಗೆ ಏನಾದರೂ ಸಿಗುತ್ತದೆಯೇ ಎಂದು ನೋಡುತ್ತಾ ನಿಂತಳು. ಏನೂ ಸಿಗಲಿಲ್ಲ.

*

ಐದನೇ ವಾರ, ಒಂದು ಮಧ್ಯಾಹ್ನ, ಅಣ್ಣನನ್ನು ನೋಡಲು ನಾದಿನಿ ಬಂದಳು. ಎಲ್ಲರೂ ಊಟಕ್ಕೆ ಕೂತಿದ್ದ ಹೊತ್ತು. ಬಾಗಿಲಲ್ಲೇ ಸೂಟ್‌ಕೇಸು ಇಳಿಸಿ, "ಅಯ್ಯೋ ಅಣ್ಣಾ, ಎಷ್ಟು ಸೊರಗಿದೀಯೋ!" ಎಂದು ಒಳಗೆ ಓಡಿದಳು.

ಸೊಸೆ ಸೂಟ್‌ಕೇಸು ಒಳಗಿಡಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಅದರ ಬೀಗ ಮುರಿದಿತ್ತು. ನಡುವಿಗೆ ಒಂದು ನೀಲಿ ಬೆಲ್ಟು ಬಿಗಿದಿತ್ತು. ಬಕಲಿನ ಬಳಿ ಕೆಂಪು ದಾರದಲ್ಲಿ ಅಡ್ಡಡ್ಡ ಹೊಲಿಗೆ.

"ಇದೆಲ್ಲಿತ್ತು?" ಎಂದಳು.

"ಯಾವುದು ಅತ್ತಿಗೆ? ಓ, ಅದಾ. ಅಮ್ಮ ಕಟ್ಟಿಕೊಟ್ಟಿದ್ದು. ಹೋದ ಸಲ ಹೊರಡೋವಾಗ ಬೀಗ ಕಿತ್ತುಬಂತಲ್ಲ. ಗಟ್ಟಿ ಇದೆ ಮಾರಾಯ್ತಿ, ಬಸ್ಸಿನ ಮೇಲಿಂದ ಎಸೆದ್ರೂ ಬಿಚ್ಚಿಲ್ಲ."

ಸೊಸೆ ಹಿತ್ತಲಿಗೆ ಹೋದಳು. ಮೊಳೆಯಿಂದ ಚೀಲ ಇಳಿಸಿ, ತಂದು, ಊಟದ ತಟ್ಟೆಗಳ ನಡುವೆ ಸುರಿದಳು. ಅಲ್ಯೂಮಿನಿಯಂ ಸದ್ದಿಗೆ ಕೊಕ್ಕರೆ ಬೆಚ್ಚಿಬಿದ್ದ. ಬಲಗಾಲಿಗೆ ನೀಲಿ ಬೆಲ್ಟು. ಎಡಗಾಲಿಗೆ ಹಳೇ ಕಪ್ಪು ಬೆಲ್ಟು; ಬಿರುಕಿನಲ್ಲೇ ಹರಿದು ಎರಡು ತುಂಡಾಗಿ ಜೋತಾಡುತ್ತಿತ್ತು.

ಮಾವ ತಟ್ಟೆ ಪಕ್ಕಕ್ಕೆ ಸರಿಸಿ ಆ ತುಂಡನ್ನು ಕೈಗೆತ್ತಿಕೊಂಡ. ಬೆರಳಲ್ಲಿ ಮಡಚಿದ. ಅದು ಒಣ ಸೊಪ್ಪಿನಂತೆ ಉದುರಿತು.

"ಇದನ್ನ ಕಟ್ಕೊಂಡು ಎಂಟಡಿ ಎತ್ತರಕ್ಕೆ ನಿಂತಿದ್ಯಾ?" ಎಂದ ಮಗನಿಗೆ.

"ನನ್ನ ಯಾಕೆ ಹಂಗೆ ನೋಡ್ತೀರಾ ಎಲ್ಲಾರೂ?" ಅತ್ತೆಯ ದನಿ ಏರಿತು. "ಬಸ್ಸಿಗೆ ಹೊತ್ತಾಗಿತ್ತು, ಒಂದು ತುಂಡು ಹಗ್ಗ ಸಿಗಲಿಲ್ಲ ಈ ಮನೇಲಿ! ಅದನ್ನ ತೆಗೆದೆ, ಹಳೇದು ಹಾಕಿಟ್ಟೆ. ನಾನೇನು ಕದ್ದು ಮಾಡಿಲ್ಲ. ಬೆಳಗಾಗೆದ್ದು ಇವನಿಗೆ ಹೇಳಿದೀನಿ. ಹೇಳಿಲ್ವೇನೋ? ಒಂದು ಕಾಲಿಗೆ ಹಳೇ ಬೆಲ್ಟು ಹಾಕಿದೀನಿ, ಸಂಜೆ ಬೇರೆ ತಂದ್ಕೋ ಅಂತ? ‘ಇವತ್ತೊಂದು ದಿನ ನಡೆಯುತ್ತೆ ಬಿಡಮ್ಮ’ ಅಂದವನು ನೀನೇ ತಾನೆ?"

ತನ್ನನ್ನು ಉಳಿಸಿಕೊಳ್ಳಲು ಆಡಿದ ಮಾತು ಮಗನನ್ನು ನೀರಿಗೆ ನೂಕಿತೆಂದು ಅವಳಿಗೆ ತಿಳಿಯುವ ಹೊತ್ತಿಗೆ ಮಾತು ಬಾಯಿ ದಾಟಿತ್ತು.

ಸೊಸೆ ಗಂಡನ ಕಡೆ ತಿರುಗಿದಳು. "ಗೊತ್ತಿತ್ತು."

ಅವನು ತಟ್ಟೆ ನೋಡುತ್ತಿದ್ದ.

"ಬೀಳೋ ಮುಂಚೆನೂ ಗೊತ್ತಿತ್ತು. ಬಿದ್ದ ಮೇಲೂ ಗೊತ್ತಿತ್ತು. ಅದಕ್ಕೇ ನಾನೇ ಬಿಚ್ತೀನಿ ಅಂದೆ. ಅದಕ್ಕೇ ಚೀಲ ಮುಟ್ಬೇಡಿ ಅಂದೆ. ವಾರಗಟ್ಟಲೆ ನಿಮ್ಮಮ್ಮ ನಾನು ಗುಡಿಸಿದ ನೆಲ ಮತ್ತೆ ಗುಡಿಸ್ತಾ ಇದ್ರೆ, ನೀನು ಮಲಗಿಕೊಂಡು ಪೊರಕೆ ಸದ್ದು ಕೇಳ್ತಾ ಇದ್ದೆ."

ಮದುವೆಯಾದ ಮೇಲೆ ಅವಳು ಅವನನ್ನು ‘ನೀನು’ ಅಂದದ್ದು ಅದೇ ಮೊದಲು.

"ಏನೇ ಅದು, ಗಂಡನ್ನ ಏಕವಚನದಲ್ಲಿ!" ಎಂದಳು ಅತ್ತೆ.

"ಬಾಯಿ ಮುಚ್ಚು" ಎಂದ ಮಾವ ಹೆಂಡತಿಗೆ. ಆಮೇಲೆ ಮಗನ ಕಡೆ ನೋಡಿ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಗಾದೆ ಕೇಳಿದ್ದೆ. ಗಂಡಸೂ ಅಂತಾನೆ ಅಂತ ಇವತ್ತು ಗೊತ್ತಾಯ್ತು" ಎಂದು ತಟ್ಟೆ ಎತ್ತಿಕೊಂಡು ಜಗಲಿಗೆ ಹೋದ.

"ಅಮ್ಮನ ಹೆಸರು ಬರುತ್ತೆ ಅಂತ..." ಎಂದು ಕೊಕ್ಕರೆ ಶುರುಮಾಡಿದ.

"ಅಮ್ಮನ ಹೆಸರು ಬೇಡ. ಬೆಲ್ಟು ಯಾರದು? ಅದನ್ನ ಹೇಳು."

ನಾದಿನಿ ಸದ್ದಿಲ್ಲದೆ ಸೂಟ್‌ಕೇಸಿನಿಂದ ಬೆಲ್ಟು ಬಿಚ್ಚಿ ಅತ್ತಿಗೆಯ ಕೈಗಿತ್ತಳು. ಸಂಜೆ ವಾಪಸು ಹೊರಟಾಗ ಆ ಸೂಟ್‌ಕೇಸಿಗೆ ಬಾವಿಯ ಹಗ್ಗ ಸುತ್ತಿತ್ತು. ಐದು ವಾರದ ಹಿಂದೆ ಸಿಗದ ಹಗ್ಗ ಅವತ್ತು ಬಾವಿಕಟ್ಟೆಯ ಮೇಲೇ ಇತ್ತು.

*

ಮಾರನೆಯ ದಿನದಿಂದ ಸೊಸೆ ಹಿತ್ತಲಲ್ಲಿ ಮರಗಾಲು ಕಟ್ಟಿಕೊಳ್ಳತೊಡಗಿದಳು. ತನ್ನ ತಂಗಿಯ ಹಳೆಯ ಪ್ಯಾಂಟು ತರಿಸಿಕೊಂಡಳು. ಎರಡೂ ಬೆಲ್ಟಿಗೆ ಹೊಸದಾಗಿ ಹೊಲಿಗೆ ಹಾಕಿದಳು. ಕೊಳವೆಯಲ್ಲಿ ಎತ್ತರ ಹೊಂದಿಸುವ ತೂತುಗಳನ್ನು ಎರಡೂ ಕಾಲಿಗೆ ಒಂದೇ ಸಮ ಎಣಿಸಿ, ಎಲ್ಲಕ್ಕಿಂತ ಕೆಳಗಿನದಕ್ಕೆ ತಿರುಪು ಬಿಗಿದು, ಗೋಡೆ ಹಿಡಿದು ನಡೆದಳು. ನಿಂತರೆ ಬೀಳುತ್ತೇವೆ, ಅಲ್ಲಲ್ಲೇ ಕಾಲು ಆಡಿಸುತ್ತಿದ್ದರೆ ಉಳಿಯುತ್ತೇವೆ ಎಂಬುದು ಮೊದಲ ದಿನವೇ ತಿಳಿಯಿತು. ಎರಡನೇ ದಿನ ಮಾವ ಒಂದು ಎತ್ತರದ ಬೆಂಚು ತಂದು ಗೋಡೆಗೆ ಇಟ್ಟ.

"ಈ ದರಿದ್ರದ ಕಾಲು ನಂಗೆ ಇಷ್ಟ ಇಲ್ಲ, ಇವತ್ತೂ ಇಲ್ಲ" ಎಂದ. "ಕೂತು ಕಟ್ಕೊಳ್ಳೋಕೆ ಬೆಂಚಾದ್ರೂ ನೆಟ್ಟಗಿರ್ಲಿ. ಅಲುಗಾಡಿಸಿ ನೋಡು."

ಅಲುಗಾಡಿಸಿದಳು. ಅಲುಗಲಿಲ್ಲ.

ಅತ್ತೆ ಅಡುಗೆಮನೆಯ ಕಿಟಕಿಯಿಂದಲೇ ಕೂಗಿದಳು: "ಹೆಂಗಸು ಮೇಲೆ, ಗಂಡಸು ಕೆಳಗೆ! ಬೀದಿ ನಗುತ್ತೆ ಕಣೇ!"

"ನಗಲಿ ಅತ್ತೆ. ಐದು ವಾರ ನನ್ನ ನೋಡಿ ನಕ್ಕಿದೆ, ಅಭ್ಯಾಸ ಇದೆ."

ಏಳನೇ ವಾರ ಕೊಕ್ಕರೆಯ ಕಟ್ಟು ಬಿಚ್ಚಿದರು. ಕೈ ಸಿಪ್ಪೆ ತೆಗೆದ ಕೋಲಿನಂತೆ ಸಣ್ಣಗಾಗಿತ್ತು. ತಲೆಯ ಮೇಲೆ ಎತ್ತಲು ಇನ್ನೂ ತಿಂಗಳು ಬೇಕು. ಗುತ್ತಿಗೆದಾರನ ಕೆಲಸ ನಿಂತು ಅವನೂ ಕಂಗಾಲಾಗಿದ್ದ; ಸೊಸೆ ಮರಗಾಲು ಕಲಿತ ಸುದ್ದಿಯೂ ಅವನಿಗೆ ಮುಟ್ಟಿತ್ತು. ಪುಟ್ಟಿಗೆ ಸೊಸೆ, ನೆಲಕ್ಕೆ ಕೊಕ್ಕರೆ, ಹಾಗಿದ್ದರೆ ಬನ್ನಿ ಎಂದು ಹೇಳಿ ಕಳಿಸಿದ.

"ನಾನು ಪೊರಕೆ ಹಿಡೀಬೇಕಾ?" ಎಂದ ಕೊಕ್ಕರೆ.

"ನಾಲ್ಕು ವರ್ಷ ನಾನು ಹಿಡಿದಿಲ್ವಾ? ಕೈ ಸವೆಯಲಿಲ್ಲ."

ಹೊರಡುವ ಬೆಳಗ್ಗೆ ಸೊಸೆ ಎಂದಿನಂತೆ ಮನೆ ಗುಡಿಸಿದಳು. ಬೀದಿಯ ತಿರುವಿನ ತನಕವೂ ಬೆನ್ನ ಹಿಂದೆ ಅತ್ತೆಯ ಪೊರಕೆಯ ಸದ್ದು ಕೇಳುತ್ತಿತ್ತು. ಆ ಬಾಕಿ ಈ ಜನ್ಮಕ್ಕೆ ತೀರುವುದಲ್ಲ ಎಂದು ಅವಳಿಗೆ ಗೊತ್ತಿತ್ತು. ಕೇಳಬೇಕಾದ ಬಾಕಿ ಬೇರೆ ಇತ್ತು.

ಹಜಾರ ಹಾಗೇ ಇತ್ತು. ಕಿಟಕಿಗಳಿಗೆ ಮಾತ್ರ ಗಾಜು ಬಂದಿತ್ತು. ಸೊಸೆ ಮನೆಯಿಂದ ತಂದಿದ್ದ ಮಾವನ ಬೆಂಚಿನ ಮೇಲೆ ಕೂತು ಬೆಲ್ಟು ಬಿಗಿದಳು, ಎಳೆದು ನೋಡಿದಳು, ಮತ್ತೊಮ್ಮೆ ಎಳೆದು ನೋಡಿದಳು. ಎದ್ದು ಗೋಡೆಗೆ ಒಂದು ಕೈ ಕೊಟ್ಟು ನಿಂತಳು. ಹಲಗೆಯ ಆಳುಗಳಿಬ್ಬರೂ ಕೆಲಸ ಬಿಟ್ಟು ನೋಡತೊಡಗಿದರು.

ಗುತ್ತಿಗೆದಾರ ಸೊಂಟದ ಮೇಲೆ ಕೈಯಿಟ್ಟು, "ನೆಲ ಯಾರದು ಇವತ್ತು?" ಎಂದ.

"ನಂದು" ಎಂದ ಕೊಕ್ಕರೆ, ಬಲಗೈಯಲ್ಲಿ ಪೊರಕೆ ಹಿಡಿದು. ಆಳುಗಳಲ್ಲೊಬ್ಬ ಕಿಸಕ್ಕನೆ ನಕ್ಕ. ಕೊಕ್ಕರೆ ತಲೆತಗ್ಗಿಸಿ ಗುಡಿಸಿದ. ಒಂದು ಸಾಲು, ಎರಡು ಸಾಲು. "ನೆಲ ಸಾಫ್. ನಡಿ."

ಸೊಸೆ ನಡೆಯಲಿಲ್ಲ. ಗೋಡೆ ಹಿಡಿದು ಅಲ್ಲಲ್ಲೇ ಕಾಲು ಬದಲಿಸುತ್ತಾ ನಿಂತಳು.

"ನಡಿ ಅಂದ್ನಲ್ಲ."

"ಇವತ್ತಿಂದು ಹೇಳಿದ್ರಿ. ಅವತ್ತಿಂದು?"

"ಮನೇಲಿ ಮಾತಾಡೋಣ."

"ನನ್ನ ಹೆಸರು ಮನೇಲಿ ಕಳೆದಿದ್ದಲ್ಲ. ಇಲ್ಲೇ ಕಳೆದಿದ್ದು."

ಅವನು ಗುತ್ತಿಗೆದಾರನನ್ನು ನೋಡಿದ, ಆಳುಗಳನ್ನು ನೋಡಿದ. ಯಾರೂ ಬೇರೆ ಕಡೆ ತಿರುಗಲಿಲ್ಲ. ಅವಳ ಮರಗಾಲುಗಳು ಟಕ್, ಟಕ್ ಎನ್ನುತ್ತಿದ್ದವು.

"ಅವತ್ತೂ ನೆಲ ಸಾಫಿತ್ತು" ಎಂದ. ಅದು ಆಳುಗಳ ತನಕ ಮುಟ್ಟಲಿಲ್ಲ. ಪೊರಕೆ ಕೈ ಬದಲಿಸಿ, ಇನ್ನೊಮ್ಮೆ, ಜಗಳಕ್ಕೆ ನಿಂತವನಂತೆ ಗಟ್ಟಿಯಾಗಿ ಹೇಳಿದ: "ನೆಲ ಸಾಫಿತ್ತು ಅಂದೆ! ಬೆಲ್ಟು ಹರಿದಿದ್ದು. ಹಳೇದು ಅಂತ ಗೊತ್ತಿದ್ದೂ ಕಟ್ಕೊಂಡಿದ್ದೆ. ಸಾಕಾ?"

ನಕ್ಕ ಆಳು ನಗು ನುಂಗಿದ. ಗುತ್ತಿಗೆದಾರ ಕೆಮ್ಮಿ, ಏನೋ ಹೇಳಲು ಬಾಯಿ ತೆರೆದ.

ಸೊಸೆ ಜೇಬಿನಿಂದ ಒಂದು ಸ್ಕ್ರೂ ತೆಗೆದಳು. ಬಗ್ಗಲಿಲ್ಲ; ಮರಗಾಲಿನ ಮೇಲಿರುವವರು ಬಗ್ಗುವ ಹಾಗಿಲ್ಲ. "ಮೇಸ್ತ್ರಿ, ಕೈ ಎತ್ತಿ. ನಿಮ್ಮದೊಂದು ನನ್ನ ಹತ್ರ ಉಳಿದಿತ್ತು."

ಗುತ್ತಿಗೆದಾರ ಅಂಗೈ ಮೇಲೆತ್ತಿ ಅದನ್ನು ತೆಗೆದುಕೊಂಡ.

"ನಡಿ" ಎಂದ ಕೊಕ್ಕರೆ. "ನೆಲ ಸಾಫ್."

ಅವಳು ಗೋಡೆಯಿಂದ ಕೈ ತೆಗೆದಳು. ಅವನು ನಾಲ್ಕು ವರ್ಷದಲ್ಲಿ ಒಂದು ಸಲವೂ ಮಾಡದ ಕೆಲಸವನ್ನು ಮೊದಲು ಮಾಡಿದಳು: ಕತ್ತು ತಗ್ಗಿಸಿ, ಅವನು ಗುಡಿಸಿದ ನೆಲವನ್ನು ಈ ತುದಿಯಿಂದ ಆ ತುದಿಯ ತನಕ ತಾನೇ ಒಮ್ಮೆ ನೋಡಿದಳು. ನೋಡಿ, ಆಮೇಲೆ ಕಾಲೆತ್ತಿದಳು.